ಸೋಮವಾರದ ರಿವಾಲ್ವರ್

ಹೋದ ವಾರ ನಮ್ಮ ಮನೆಯ ಹೊಲಿಗೆ ಯಂತ್ರ ಕಿರುಗುಟ್ಟತೊಡಗಿತೆಂದು ಆದೋನಿಯ ಪೇಟೆಯಿಂದ ಒಂದು ಸಣ್ಣ ಬಾಟಲಿ ಎಣ್ಣೆ ತಂದೆ. ಅದರ ಮೂತಿಯನ್ನು ಕತ್ತರಿಸಿದ್ದೇ ತಡ, ತೆಳ್ಳನೆಯ, ಒಂಚೂರು ಸಿಹಿ ಬೆರೆತಂಥ ಆ ವಾಸನೆ ಮೂಗಿಗೆ ಬಂತು. ಯಂತ್ರವನ್ನು ಹಾಗೇ ಬಿಟ್ಟು ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ಕುಳಿತೆ. ಬೇರೆಯವರಿಗಾದರೆ ಈ ಎಣ್ಣೆಯಿಂದ ಅಮ್ಮನ ಹೊಲಿಗೆಯೋ ಹಬ್ಬದ ಲಂಗವೋ ನೆನಪಾಗಬೇಕು. ನನಗೆ ನೆನಪಾಗುವುದು ಒಂದು ರಿವಾಲ್ವರ್. ಹೇಳಿದರೆ ನಗುತ್ತಾರೆಂದು ಯಾರಿಗೂ ಹೇಳುವುದಿಲ್ಲ. ನಿಮಗೆ ಹೇಳುತ್ತಿದ್ದೇನೆ, ಯಾಕೆಂದರೆ ನಿಮ್ಮ ಮನೆಯಲ್ಲಿ ಈಗ ಇಲ್ಲದ ಯಾರೋ ಒಬ್ಬರು ಹೀಗೇ ಯಾವುದೋ ವಾಸನೆಯಲ್ಲಿ ಉಳಿದುಕೊಂಡಿರುತ್ತಾರೆ.

ಆ ಮನೆಯೂ ಈಗಿಲ್ಲ. ಹತ್ತಿ ಮಾರ್ಕೆಟ್ಟಿಗೆ ಹೋಗುವ ರಸ್ತೆಯಲ್ಲಿ ಮೋಟಾರ್ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ಮಾರುವ ಗಾಜಿನ ಅಂಗಡಿಯೊಂದಿದೆ. ಅದೇ ಜಾಗದಲ್ಲಿ ನಮ್ಮ ಮನೆಯಿತ್ತು. ಕಡಪಾ ಕಲ್ಲಿನ ತಂಪು ನೆಲ, ನಡುಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಹತ್ತಿಯ ಸುಗ್ಗಿ ಬಂತೆಂದರೆ ಹಾಲಹರವಿ, ದೇವನಕೊಂಡದ ಕಡೆಯಿಂದ ಬರುವ ಗಾಡಿಗಳಿಂದ ಹತ್ತಿಯ ಎಳೆಗಳೆದ್ದು ಊರೆಲ್ಲ ತೇಲುತ್ತಿದ್ದವು. ಸಾರಿನ ಮೇಲೆ, ದೇವರ ಮೇಲೆ, ನನ್ನ ಎಣ್ಣೆ ಹಚ್ಚಿದ ಜಡೆಯ ಮೇಲೆ ಬಂದು ಕೂರುತ್ತಿದ್ದವು. ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ಅವು ಮೇಲೂ ಹೋಗದೆ ಕೆಳಗೂ ಬೀಳದೆ ತಿರುಗುವುದನ್ನು ನೋಡುತ್ತ ನಾನು ಊಟ ಮರೆತ ದಿನಗಳುಂಟು. ತಾತ ಹತ್ತಿಯ ದಲಾಲಿ ವ್ಯಾಪಾರಿ. ಮಾರ್ಕೆಟ್ಟಿನಲ್ಲಿ ಹತ್ತಿಯ ರಾಶಿಯೊಳಗೆ ಮೊಣಕೈವರೆಗೆ ತೋಳು ತೂರಿಸಿ, ಒಂದು ಹಿಡಿ ತೆಗೆದು, ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ತಿಕ್ಕಿ, ಎಷ್ಟು ತೇವ ಕುಡಿದಿದೆ ಎಂದು ಹೇಳುತ್ತಿದ್ದ. ಮಷೀನು ತಪ್ಪಿದರೂ ಈತನ ಹೆಬ್ಬೆರಳು ತಪ್ಪುವುದಿಲ್ಲ ಎಂದು ಮಾರ್ಕೆಟ್ಟೇ ಮಾತಾಡುತ್ತಿತ್ತು. ‘ಹತ್ತಿ ಅಂದ್ರ ಬಾಯಾರಿದ ಕೂಸು ಇದ್ದಂಗ. ಗಾಳ್ಯಾಗಿನ ನೀರೂ ಬಿಡಂಗಿಲ್ಲ, ಕುಡೀತೈತಿ’ ಎಂದು ತಾತ ಹೊಸ ಗುಮಾಸ್ತರಿಗೆ ಹೇಳುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೆ.

ಆ ಹೆಬ್ಬೆರಳು ಒಂದೇ ಒಂದು ಸಲ ತಪ್ಪಿತ್ತು. ತಾತನ ಹಿರಿಯ ಮಗಳು, ಅಂದರೆ ನನ್ನ ಅಪ್ಪನ ಅಕ್ಕ ಗುರಮ್ಮತ್ತೆಯನ್ನು ಹಾಲಹರವಿಯ ಒಂದು ಮನೆಗೆ ಕೊಟ್ಟಿದ್ದರು. ಎರೆ ಹೊಲ, ಎರಡು ಬಾವಿ, ಒಬ್ಬನೇ ಮಗ. ಹುಡುಗನಿಗೆ ಮೊದಲಿನಿಂದಲೂ ಎದೆಯ ಜಡ್ಡು ಇತ್ತಂತೆ. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಅತ್ತೆ ಬರಿಗೈಯಲ್ಲಿ ತವರಿಗೆ ಬಂದಳು. ‘ಹತ್ತಿ ಹಿಡಿದು ತೇವ ಹೇಳೋ ಮನಷ್ಯಾ, ಹುಡುಗನ ಕೈ ಹಿಡಿದು ಜ್ವರ ಹೇಳಲಿಲ್ಲ’ ಎಂದು ನೆಂಟರಲ್ಲಿ ಯಾರೋ ಆಡಿದ ಮಾತು ನಮ್ಮ ಮನೆಯ ಗೋಡೆಗಳಿಗೂ ಗೊತ್ತಿತ್ತು. ಅತ್ತೆ ಒಂದು ದಿನವೂ ತಾತನನ್ನು ದೂರಲಿಲ್ಲ. ದೂರಿದ್ದರೆ ಒಳ್ಳೆಯದಿತ್ತೇನೋ. ಅಪ್ಪ ಮಗಳು ಒಂದೇ ಮನೆಯಲ್ಲಿದ್ದು ‘ನೀರು ಕಾದೈತಿ’, ‘ಊಟಕ್ಕ ಬಾ’ ಎನ್ನುವುದರ ಆಚೆ ಮಾತಿಲ್ಲದೆ ವರ್ಷಗಳನ್ನು ಕಳೆದುಬಿಟ್ಟರು. ತಾತ ನಡುಮನೆಗೆ ಬಂದರೆ ಅತ್ತೆಗೆ ಅಡುಗೆಮನೆಯಲ್ಲಿ ಕೆಲಸ ನೆನಪಾಗುತ್ತಿತ್ತು.

ಇಬ್ಬರನ್ನೂ ಎದುರುಬದುರು ಕೂರಿಸಿದ್ದು ಆ ರಿವಾಲ್ವರ್. ನಾನು ಹುಟ್ಟುವ ಮುಂಚೆ, ಹಳ್ಳಿ ಹಳ್ಳಿ ತಿರುಗಿ ಹತ್ತಿ ಕೊಳ್ಳುವ ಕಾಲದಲ್ಲಿ, ಕತ್ತಲಾದ ಮೇಲೆ ಆ ದಾರಿಗಳು ನಂಬಿಕೆಯವಲ್ಲವೆಂದು ತಾತ ಲೈಸೆನ್ಸ್ ಮಾಡಿಸಿ ತಂದದ್ದು. ಅದನ್ನು ಯಾರ ಮೇಲೂ ಎತ್ತಿದವನಲ್ಲ. ಅದರ ಆರೈಕೆಯನ್ನು ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಫಿಟ್ಟರ್ ಖಾಸಿಂ ಸಾಬ್ ಮಾಡುತ್ತಿದ್ದ. ಅವನಿಗೆ ವಯಸ್ಸಾಗಿ ಗುಂತಕಲ್ಲಿನ ಮಗಳ ಮನೆಗೆ ಹೊರಟಾಗ, ತಾತನ ಬೆರಳುಗಳಿಗೂ ನಡುಕ ಬಂದಿತ್ತು. ನನ್ನ ಅಪ್ಪನಿಗೆ ಅದನ್ನು ಕಂಡರೇ ಬೇಸರ. ಖಾಸಿಂ ಸಾಬ್ ಮನೆಯವರನ್ನೆಲ್ಲ ಒಮ್ಮೆ ನೋಡಿ, ಅಕ್ಕಿ ಆರಿಸುತ್ತ ಕೂತಿದ್ದ ಅತ್ತೆಯ ಕಡೆ ಕೈ ಮಾಡಿ, ‘ಈ ಮನ್ಯಾಗ ಅಲುಗಾಡದ ಕೈ ಇವು ಎರಡೇ ನೋಡ್ರಿ ಶೇಟ್ರೇ’ ಎಂದ. ನಾಲ್ಕು ದಿನ ಬಂದು ಕಲಿಸಿದ. ನನಗೆ ಆಗ ಒಂಬತ್ತೋ ಹತ್ತೋ. ಅತ್ತೆಯ ಬೆನ್ನಿಗೆ ಗದ್ದ ಊರಿ ನಾನೂ ಕೇಳಿಸಿಕೊಂಡೆ.

ಅವನ ಪಾಠ ಇಂದಿಗೂ ಬಾಯಿಗೆ ಬರುತ್ತದೆ. ಮೊದಲು ಆರು ಗುಂಡು ಕೂರುವ ಉರುಳೆಯನ್ನು ಹೊರಗೆ ಚಾಚಬೇಕು. ಮಿಲ್ಲಿನವನಾದ್ದರಿಂದ ಖಾಸಿಂ ಸಾಬ್ ಅದನ್ನು ಚರಕಿ ಎನ್ನುತ್ತಿದ್ದ. ಗುಂಡು ತೆಗೆದು ಎಣಿಸಿ ಬೇರೆ ಬಟ್ಟಲಿಗೆ ಹಾಕಬೇಕು, ಆಮೇಲೆ ಆರೂ ತೂತುಗಳಲ್ಲಿ ಬೆಳಕು ಕಾಣುತ್ತದೆಯೇ ಎಂದು ನೋಡಬೇಕು. ಖಾಲಿ ಎಂದು ಗೊತ್ತಿದ್ದರೂ ಮೂತಿ ಮಂದಿಯ ಕಡೆ ತಿರುಗಬಾರದು. ಚರಕಿಯನ್ನು ಸಿನಿಮಾದವರಂತೆ ಮಣಿಕಟ್ಟು ಝಾಡಿಸಿ ಮುಚ್ಚಬಾರದು, ಅದನ್ನು ಹಿಡಿದಿರುವ ಕಬ್ಬಿಣದ ತೋಳು ಬಾಗುತ್ತದೆ. ‘ಆಹಿಸ್ತಾ ಬೇಟಿ, ಮೆಲ್ಲಕ. ನಿದ್ದಿ ಹತ್ತಿದ ಕೂಸಿನ ಕ್ವಾಣಿ ಬಾಗಲಾ ಹಾಕಿದಂಗ ಹಾಕಬೇಕು’ ಎನ್ನುತ್ತಿದ್ದ. ಖಾಲಿ ಇದ್ದಾಗ ಸುಮ್ಮನೆ ಟಕ್ ಟಕ್ ಎಂದು ಟ್ರಿಗರ್ ಒತ್ತಬಾರದು, ಒಳಗಿನ ಸೂಜಿ ಮುರಿಯುತ್ತದೆ. ನಳಿಗೆಯೊಳಗೆ ಕಡ್ಡಿ ಬಿಡುವಾಗ ಅದರ ಬಾಯಂಚಿಗೆ ತಾಗಿಸಬಾರದು. ಎಣ್ಣೆ ಒಂದೇ ಹನಿ, ಹೆಚ್ಚಾದರೆ ಧೂಳು ಕೂಡುತ್ತದೆ. ತೊಗಲಿನ ಚೀಲದಲ್ಲಿ ಇಟ್ಟು ಮರೆಯಬಾರದು, ತೊಗಲು ಬೆವರುತ್ತದೆ. ಎಲ್ಲಕ್ಕಿಂತ ಕೊನೆಗೆ, ಮುಟ್ಟಿದ ಬೆರಳಿನ ಗುರುತುಗಳನ್ನೆಲ್ಲ ಒಣ ಬಟ್ಟೆಯಿಂದ ಒರೆಸಿ ಇಡಬೇಕು. ಮನುಷ್ಯರ ಬೆವರಿನಷ್ಟು ಕಬ್ಬಿಣಕ್ಕೆ ಕೇಡು ಇನ್ನೊಂದಿಲ್ಲವಂತೆ.

ಒಂದು ತೊಡಕಿತ್ತು. ಲೈಸೆನ್ಸ್ ತಾತನ ಹೆಸರಿನಲ್ಲಿತ್ತು. ಅವನ ಕಣ್ಣೆದುರಿಗೆ ಅಲ್ಲದೆ ಬೇರೆಯವರು ಅದನ್ನು ಮುಟ್ಟಕೂಡದೆಂದು ಸ್ಟೇಷನ್ನಿನ ರೈಟರ್ ಹಿಂದೊಮ್ಮೆ ಹೇಳಿದ್ದ. ಪೊಲೀಸರ ಮಾತನ್ನು ದೇವರ ಮಾತಿಗಿಂತ ಒಂದು ಗುಲಗಂಜಿ ಹೆಚ್ಚೇ ನಂಬುವವನು ತಾತ. ಹಾಗಾಗಿ ಪ್ರತಿ ಸೋಮವಾರ ಬೆಳಿಗ್ಗೆ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಬೀಗ ತೆಗೆದು ರಿವಾಲ್ವರ್ ತಂದು ಬೆಳಕಿಂಡಿಯ ಕೆಳಗೆ ಕೂರುತ್ತಿದ್ದ. ಎದುರಿಗೆ ಬಿಳಿ ಪಂಚೆಯ ತುಂಡು ಹಾಸಿಕೊಂಡು ಅತ್ತೆ. ನಡುವೆ, ಕಂಪಾಸ್ ಬಾಕ್ಸು ಹಿಡಿದು ಮಗ್ಗಿ ಬರೆಯುವ ನೆಪದಲ್ಲಿ ನಾನು. ಎಣ್ಣೆಯ ವಾಸನೆ, ವಿಭೂತಿಯ ವಾಸನೆ, ಬಿಸಿಲಿನಲ್ಲಿ ತೇಲುವ ಹತ್ತಿಯ ಎಳೆ. ಕೊನೆಗೆ ಅತ್ತೆ ಅದನ್ನು ತಾತನ ಅಂಗೈ ಮೇಲಿಡುತ್ತಿದ್ದಳು. ತಾತ ನಳಿಗೆಯುದ್ದಕ್ಕೂ ಒಮ್ಮೆ ಹೆಬ್ಬೆರಳು ಸವರಿ ‘ಹ್ಞೂಂ’ ಎಂದು ವಾಪಸ್ ಕೊಟ್ಟರೆ ಅತ್ತೆ ಆ ಬೆರಳಿನ ಗುರುತನ್ನೂ ಒರೆಸುತ್ತಿದ್ದಳು. ಮಾತಿರಲಿಲ್ಲ. ಆದರೂ ಅತ್ತೆ ಭಾನುವಾರವೇ ಆ ಪಂಚೆಯ ತುಂಡನ್ನು ಒಗೆದು ಹಾಕುತ್ತಿದ್ದಳು, ತಾತ ಸೋಮವಾರ ಯಾವ ಊರಿಗೂ ಹೋಗುತ್ತಿರಲಿಲ್ಲ. ಆ ಅರ್ಧ ಗಂಟೆಯನ್ನು ಇಬ್ಬರೂ ವಾರವಿಡೀ ಕಾಯುತ್ತಿದ್ದರು ಎನ್ನುವುದು ಮಕ್ಕಳಿಗೂ ತಿಳಿಯುವಂತಿತ್ತು.

ಎಲೆಕ್ಷನ್ ಬಂದರೆ ಲೈಸೆನ್ಸಿನ ಆಯುಧಗಳನ್ನೆಲ್ಲ ಸ್ಟೇಷನ್ನಿಗೆ ಒಪ್ಪಿಸಬೇಕು. ಚೀಟಿ ಕಟ್ಟಿ ಎಲ್ಲವನ್ನೂ ಒಂದೇ ಕೋಣೆಯಲ್ಲಿ ಹೇರುತ್ತಾರೆ. ಹಿಂದಿನ ಸಲ ನಮ್ಮದು ಮೈತುಂಬ ಗೀರುಗಳೊಂದಿಗೆ ಬಂದಿತ್ತು. ಅಪ್ಪ ಆಗಲೇ ಖಡಾಖಂಡಿತ ಹೇಳಿದ್ದ: ‘ಈಗ ಯಾರಿಗೆ ಬೇಕಪ್ಪಾ ಇದು? ಮುಂದಿನ ಸಲ ಒಂದೀಟು ಕೆಟ್ಟು ಬಂದ್ರೂ ಅಲ್ಲೇ ಕೊಟ್ಟು ಕೈ ತೊಳಕೊಳ್ಳೋಣು.’ ತಾತ ಸುಮ್ಮನೆ ತಲೆಯಾಡಿಸಿದ್ದ. ಅತ್ತೆಯ ಮುಖ ಮಾತ್ರ ಸಣ್ಣದಾಗಿತ್ತು. ರಿವಾಲ್ವರ್ ಹೋದರೆ ಸೋಮವಾರವೂ ಹೋಗುತ್ತದೆ. ಅದೊಂದು ಇಲ್ಲದಿದ್ದರೆ ಇಬ್ಬರೂ ಯಾವ ನೆಪದಿಂದ ಎದುರಿಗೆ ಕೂರಬೇಕು?

ಆ ಸಲ ಎಲೆಕ್ಷನ್ನಿನ ಹೊತ್ತಿಗೆ ಅತ್ತೆ ಊರಲ್ಲಿರಲಿಲ್ಲ. ಹಾಲಹರವಿಯಲ್ಲಿ ಅವಳ ಅತ್ತೆ, ಗಂಡನ ತಾಯಿ, ಹಾಸಿಗೆ ಹಿಡಿದಿದ್ದಳು, ನೋಡಿಕೊಳ್ಳಲು ಹೋಗಿದ್ದಳು. ತಾತ ಮಾರ್ಕೆಟ್ಟಿನಿಂದ ಗಿಡದಿಂದ ಮೊದಲ ಸಲ ಬಿಡಿಸಿದ ಹತ್ತಿ ತರಿಸಿದ. ಹಾಲಿನಂಥ ಹತ್ತಿ, ಒಂದು ಕಸವಿಲ್ಲ. ನಮ್ಮ ಮನೆಯಲ್ಲಿ ಬೆಲೆಬಾಳುವುದನ್ನೆಲ್ಲ ಹತ್ತಿಯಲ್ಲೇ ಇಡುವುದು. ಗಾಜಿನ ಬಳೆ, ದೀಪದ ಚಿಮಣಿ, ಕೂಸಿನ ಬೆಳ್ಳಿ ಕಡಗ. ರಿವಾಲ್ವರಿಗೆ ಸುತ್ತಲೂ ಹತ್ತಿ ಒತ್ತಿ, ಕೋರಾ ಬಟ್ಟೆಯಲ್ಲಿ ಸುತ್ತಿ, ನಡುಗುವ ಕೈಯಿಂದಲೇ ದಬ್ಬಣ ಹಿಡಿದು ಹೊಲಿದ. ಹತ್ತಿ ಹಿಡಿದುಕೊಂಡಿದ್ದವಳು ನಾನು. ‘ಒಂದು ಗೀರೂ ಬೀಳಬಾರದು. ಯಾರಿಗೂ ಹೇಳಬ್ಯಾಡ, ನಿಮ್ಮತ್ತಿ ತಾನೇ ಬಿಚ್ಚಿ ನೋಡಲಿ, ಖುಷಿ ಆಗ್ತಾಳ’ ಎಂದ. ಮಗಳು ಖುಷಿಯಾಗುತ್ತಾಳೆ ಎಂದು ತಾತ ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಸಂತೋಷದಲ್ಲಿ, ಗುಮಾಸ್ತರಿಗೆಲ್ಲ ತಾನು ಹೇಳಿಕೊಟ್ಟ ಮೊದಲ ಪಾಠವನ್ನೇ ತಾತ ಮರೆತ. ನನಗಾದರೂ ನೆನಪಾಗಬೇಕಿತ್ತು, ಆಗಲಿಲ್ಲ.

ಎಲೆಕ್ಷನ್ ಮುಗಿಯಿತು, ತಾತ ಬಚ್ಚಲಲ್ಲಿ ಜಾರಿ ಬಿದ್ದು ಮಂಚ ಹಿಡಿದ. ಅವನೇ ಹೋಗದೆ ಸ್ಟೇಷನ್ನಿನವರು ಕೊಡುವುದಿಲ್ಲ. ಹಾಲಹರವಿಯಿಂದ ಬಂದ ಅತ್ತೆ ರಿವಾಲ್ವರ್ ಎಲ್ಲಿ ಎಂದಾಗಲೆಲ್ಲ ತಾತ ನನ್ನತ್ತ ಕಣ್ಣು ಮಿಟುಕಿಸಿ, ‘ಛಲೋ ಕಟ್ಟಿ ಕಳಿಸೀನಿ, ಬರಲಿ ಬಿಡು’ ಎನ್ನುತ್ತಿದ್ದ. ನಮ್ಮ ಸೀಮೆಗೆ ಅಪರೂಪವಾಗಿ ಆ ವರ್ಷ ಮಳೆ ಬಿಟ್ಟೂ ಬಿಡದೆ ಹೊಡೆಯಿತು. ದಸರೆಯ ಹೊತ್ತಿಗೆ ತಾತ ಕೋಲೂರಿ ನಡೆದು ಹೋಗಿ ಗಂಟನ್ನು ತಂದ. ಅಷ್ಟರಲ್ಲಿ ಅವನ ಎರಡೂ ಕಣ್ಣಿಗೆ ಪೊರೆ ದಟ್ಟವಾಗಿ ಕವಿದಿತ್ತು.

ಸೋಮವಾರ ಅತ್ತೆ ಹೊಲಿಗೆ ಬಿಚ್ಚಿದಳು. ಹತ್ತಿ ಹಳದಿಯಾಗಿ ಗಡ್ಡೆ ಕಟ್ಟಿತ್ತು. ಎಳೆದರೆ ಬರಲಿಲ್ಲ, ಕಬ್ಬಿಣಕ್ಕೆ ಕೂದಲಂತೆ ಅಂಟಿಕೊಂಡಿತ್ತು. ಕೆಳಗೆ ಮೈತುಂಬ ಕೆಂಪು ತುಕ್ಕು, ಸಿಡುಬಿನ ಕಲೆಯಂಥ ಗುಳಿಗಳು. ಚರಕಿ ಒತ್ತಿದಳು, ಕದಲಲಿಲ್ಲ. ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಅಪ್ಪ ‘ಹೆಂಗೈತಕ್ಕಾ?’ ಎಂದ. ಅತ್ತೆ ತಾತನ ಮುಖ ನೋಡಿದಳು. ತಾನೇ ಮಾಡಿದ ಆಟಿಕೆಯನ್ನು ತೋರಿಸುವ ಹುಡುಗನಂತೆ ಅವನು ಕುತ್ತಿಗೆ ಮುಂದೆ ಚಾಚಿ ಕೂತಿದ್ದ. ಅತ್ತೆ ಪಂಚೆಯ ತುಂಡನ್ನು ರಿವಾಲ್ವರಿನ ಮೇಲೆ ಎಳೆದುಕೊಂಡು, ನನ್ನ ತೊಡೆಗೆ ಬಲವಾಗಿ ಚಿವುಟಿ, ‘ಇಟ್ಟಂಗ ಐತಿ. ಒಂದು ಗೀರೂ ಇಲ್ಲ. ಅಪ್ಪ ಭಾರೀ ಚೆಂದ ಕಟ್ಟಿ ಕಳಿಸ್ಯಾನ’ ಎಂದಳು. ನನ್ನ ಅತ್ತೆ ಆಡಿದ ಸುಳ್ಳುಗಳಲ್ಲಿ ನನಗೆ ಗೊತ್ತಿರುವುದು ಅದೊಂದೇ.

ಅವತ್ತಿನಿಂದ ನಾನು ಕಳ್ಳತನದಲ್ಲಿ ಪಾಲುಗಾರ್ತಿಯಾದೆ. ತಾತನಿಗೆ ಕಣ್ಣಿಲ್ಲದಿದ್ದರೂ ಕಿವಿ ಚುರುಕು. ಚರಕಿ ತೆರೆಯುವ, ಮುಚ್ಚುವ ಟಿಕ್ ಸದ್ದು ಕೇಳದಿದ್ದರೆ ಅನುಮಾನ ಬರುತ್ತದೆ. ಅದಕ್ಕೆ ಅತ್ತೆ ಕಣ್ಸನ್ನೆ ಮಾಡಿದಾಗ ನಾನು ನನ್ನ ಕಂಪಾಸ್ ಬಾಕ್ಸಿನ ಮುಚ್ಚಳವನ್ನು ಟಿಕ್ ಅನ್ನಿಸಬೇಕು. ಗುಂಡುಗಳು ಬೇರೆ ಡಬ್ಬಿಯಲ್ಲಿ ಬಂದಿದ್ದವು, ಅವನ್ನು ಬಟ್ಟಲಿಗೆ ಒಂದೊಂದಾಗಿ ಹಾಕುವ ಸದ್ದು ನಿಜವಾದದ್ದೇ. ಅತ್ತೆ ಸೀಮೆಎಣ್ಣೆಯಲ್ಲಿ ತೊಯ್ಸಿದಳು, ಇದ್ದಿಲ ಪುಡಿಯಲ್ಲಿ ತಿಕ್ಕಿದಳು, ಮೇಲಿನ ಕೆಂಪು ಒಂದಿಷ್ಟು ಹೋಯಿತು, ಗುಳಿಗಳು ಹೋಗಲಿಲ್ಲ, ಚರಕಿ ತಿರುಗಲಿಲ್ಲ. ತಾತ ಕೊನೆಗೆ ಕೈ ಚಾಚಿದರೆ ‘ಎಣ್ಣಿ ಹಚ್ಚೀನಪ್ಪಾ, ಕೈಗೆ ಹತ್ತತೈತಿ’ ಎಂದು ತಪ್ಪಿಸುತ್ತಿದ್ದಳು. ಹೀಗೆ ಎಷ್ಟು ಸೋಮವಾರಗಳು ಹೋದವೋ. ಈಗ ನೆನೆದರೆ ನಗು ಬರುತ್ತದೆ.

ಒಂದು ಸೋಮವಾರ ತಾತ ಕೇಳಲೇ ಇಲ್ಲ. ಕೈ ಮುಂದೆ ಮಾಡಿ, ಪಂಚೆಯ ಮೇಲಿದ್ದ ರಿವಾಲ್ವರನ್ನು ತಡವಿ ಎತ್ತಿಕೊಂಡ. ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. ತಾತನ ಹೆಬ್ಬೆರಳು ನಳಿಗೆಯ ಮೇಲೆ ಇಳಿಯಿತು. ಯಾವಾಗಲೂ ಒಮ್ಮೆ ಸವರಿ ಬಿಡುತ್ತಿದ್ದ ಬೆರಳು ಅವತ್ತು ತುದಿಯಿಂದ ಬುಡದವರೆಗೆ ಒಂದೊಂದು ಗುಳಿಯಲ್ಲೂ ನಿಂತು ನಿಂತು ಹೋಯಿತು. ಚರಕಿಯ ಹತ್ತಿರ ಅಂಟಿಕೊಂಡಿದ್ದ ಒಂದು ಎಳೆ ಹತ್ತಿ ಬೆರಳಿಗೆ ಸಿಕ್ಕಿತು. ಅದನ್ನು ಮಾರ್ಕೆಟ್ಟಿನಲ್ಲಿ ತಿಕ್ಕುವಂತೆಯೇ ತಿಕ್ಕಿದ. ರಿವಾಲ್ವರನ್ನು ಕೆಳಗಿಟ್ಟು, ‘ಛಲೋ ಇಟ್ಟೀದಿ, ಗುರಮ್ಮಾ’ ಎಂದ. ಕಣ್ಣಿಗೆ ಬಿಸಿಲು ಬಿತ್ತೆಂದು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಗೊತ್ತಾಗಲಿಲ್ಲ, ಬಚಾವಾದೆವು ಎಂದು ನಾನು ಒಳಗೊಳಗೇ ಹಿಗ್ಗಿದೆ. ದಡ್ಡಿ ನಾನು.

ಎರಡು ವಾರ ಕಳೆದಿರಬೇಕು. ಬೆಳಕಿಂಡಿಯ ಬಿಸಿಲಿನಲ್ಲಿ ಎಳೆಗಳ ಆಟ ನೋಡುತ್ತ ನಾನು ಮೈಮರೆತಿದ್ದೆ. ಅತ್ತೆಯ ಸನ್ನೆ ಕಾಣಲಿಲ್ಲ. ನಡುಮನೆಯಲ್ಲಿ ಸದ್ದಿಲ್ಲ. ಆಗ ತಾತ, ನಿದ್ದೆಯಲ್ಲಿದ್ದವರನ್ನು ಎಬ್ಬಿಸುವಷ್ಟೇ ಮೆಲ್ಲಗೆ, ‘ಉಮಾ, ಮರತಿ ನೋಡು’ ಎಂದ. ನಾನು ಗಾಬರಿಯಿಂದ ಕಂಪಾಸ್ ಬಾಕ್ಸು ಟಿಕ್ ಅನ್ನಿಸಿದೆ. ಅನ್ನಿಸಿದ ಮೇಲೆ ತಿಳಿಯಿತು. ಅತ್ತೆ ತಲೆ ಎತ್ತಲಿಲ್ಲ. ಒರೆಸುವ ಕೈ ಒಂದು ಗಳಿಗೆ ನಿಂತು ಮತ್ತೆ ಒರೆಸತೊಡಗಿತು. ತಾತನೂ ಏನೂ ಆಗದವನಂತೆ, ‘ಗುರಮ್ಮಾ, ಹಾಲಹರವಿಯಾಗ ನಿಮ್ಮತ್ತಿ ಹೆಂಗದಾಳ ಈಗ?’ ಎಂದು ಕೇಳಿದ. ಆ ಊರಿನ ಹೆಸರು ಅವನ ಬಾಯಲ್ಲಿ ಬಂದು ಎಷ್ಟು ವರ್ಷವಾಗಿತ್ತೋ. ಅತ್ತೆ ಹೇಳಿದಳು. ತಾನು ಹೋದರೆ ಮಾತ್ರ ಗಂಜಿ ಕುಡಿಯುತ್ತಾಳೆ, ರಾತ್ರಿಯೆಲ್ಲ ಮಗನ ಹೆಸರು ಕರೆಯುತ್ತಾಳೆ ಎಂದಳು. ತಾತ ಕೇಳುತ್ತ ಹೋದ, ಅತ್ತೆ ಹೇಳುತ್ತ ಹೋದಳು. ಅವತ್ತು ಅರ್ಧ ಗಂಟೆ ಎರಡು ಗಂಟೆಯಾಯಿತು.

ಆಮೇಲಿನ ಸೋಮವಾರಗಳು ನನ್ನ ನೆನಪಿನಲ್ಲಿ ಒಂದರೊಳಗೊಂದು ಕರಗಿ ಒಂದೇ ಉದ್ದನೆಯ ಬೆಳಗಾಗಿವೆ. ಸತ್ತ ರಿವಾಲ್ವರಿಗೆ ಅತ್ತೆ ಅಳತೆ ತಪ್ಪದೆ ಒಂದೇ ಹನಿ ಎಣ್ಣೆ ಹಾಕುತ್ತಿದ್ದಳು. ಇನ್ನು ಬೇಡವೆಂದು ಯಾರೂ ಹೇಳಲಿಲ್ಲವಾದ್ದರಿಂದ ನಾನೂ ಟಿಕ್ ಅನ್ನಿಸುತ್ತಲೇ ಇದ್ದೆ. ತಾತ ಮಾತಾಡುತ್ತಿದ್ದ. ತನ್ನ ತಾಯಿಯ ಸುದ್ದಿ, ಸಿ. ಬೆಳಗಲ್ಲಿನ ದಾರಿಯಲ್ಲಿ ಗಾಡಿ ಮಗುಚಿದ್ದು, ಅತ್ತೆ ಹುಟ್ಟಿದ ದಿನ ಮಾರ್ಕೆಟ್ಟಿಗೆಲ್ಲ ಬೆಲ್ಲ ಹಂಚಿದ್ದು. ಒಂದು ದಿನ ಅದೇ ದನಿಯಲ್ಲಿ ಹೇಳಿದ: ‘ಗುರಮ್ಮಾ, ಅವತ್ತು ನಾ ಹೊಲಾ ನೋಡಿದೆ. ಹುಡುಗನ್ನ ನೋಡಬೇಕಿತ್ತು.’ ಅತ್ತೆ ಬಟ್ಟೆಯ ಮಡಿಕೆ ಬದಲಿಸಿದಳು. ‘ಆತು ಬಿಡಪ್ಪಾ. ಅವರು ಒಳ್ಳೇವ್ರೇ ಇದ್ದರು. ಎರಡು ವರ್ಷ ಒಂದು ದಿನಾನೂ ನನ್ನ ನೋಯಿಸಲಿಲ್ಲ’ ಎಂದಳು. ತಾತ ಆ ಮಾತನ್ನು ಕೇಳಲು ಇಷ್ಟು ವರ್ಷ ಬದುಕಿದ್ದನೇನೋ ಎಂಬಂತೆ ಉಸಿರು ಬಿಟ್ಟ.

ಮುಂದಿನ ಸುಗ್ಗಿಯಲ್ಲಿ ತಾತ ಹೋದ. ಲೈಸೆನ್ಸಿನವನೇ ಇಲ್ಲವಾದ್ದರಿಂದ ರಿವಾಲ್ವರ್ ಒಪ್ಪಿಸಿಬಿಡಿ ಎಂದು ಹದಿನೈದು ದಿನಕ್ಕೆ ಸ್ಟೇಷನ್ನಿನಿಂದ ಹೇಳಿ ಕಳಿಸಿದರು. ಅಪ್ಪ, ಅತ್ತೆ, ನಾನು ಹೋದೆವು. ಆಯುಧಗಳನ್ನು ನೋಡುವ ಪೊಲೀಸಿನವನು ರಿವಾಲ್ವರ್ ಎತ್ತಿ, ಚರಕಿ ಒತ್ತಿ, ಇನ್ನೊಮ್ಮೆ ಒತ್ತಿ, ಬೆಳಕಿಗೆ ಹಿಡಿದು ನೋಡಿದ. ‘ಏಂಟಮ್ಮಾ ಇದಿ, ಏನಿದು? ಇದು ಸತ್ತು ಎಷ್ಟು ದಿನ ಆತು? ಒಳಗೆಲ್ಲ ತುಕ್ಕು ತಿಂದೈತಿ. ಮೇಲೆ ನೋಡಿದ್ರ ನಿನ್ನೆ ಮೊನ್ನೆ ಎಣ್ಣಿ ಹಚ್ಚಿದಂಗ ಐತಿ. ಪನಿಕಿರಾದು, ಕೆಲಸಕ್ಕ ಬರಂಗಿಲ್ಲ ಅಂತ ಗೊತ್ತಿದ್ದೂ ವಾರ ವಾರ ಯಾರು ಹಚ್ಚತಿದ್ರು?’ ಎಂದ. ಅಪ್ಪ ಆಶ್ಚರ್ಯದಿಂದ ಅದನ್ನು ಕೈಗೆ ತೆಗೆದುಕೊಂಡು ಗುಳಿಗಳನ್ನು ನೋಡಿದ, ಅಕ್ಕನ ಮುಖ ನೋಡಿದ.

‘ನಾನ ಹಚ್ಚತಿದ್ದೆ ಸಾರ್’ ಎಂದಳು ಅತ್ತೆ. ‘ನಾ ಇದನ್ನ ಮುಟ್ಟಬೇಕಂದ್ರ ನಮ್ಮಪ್ಪ ಎದುರಿಗೆ ಕುಂದ್ರಬೇಕಿತ್ತಲ್ರಿ.’

ಪೊಲೀಸಿನವನಿಗೆ ಏನೂ ಅರ್ಥವಾಗಲಿಲ್ಲ. ಕಾಗದ ಮುಂದೆ ಸರಿಸಿದ, ಅಪ್ಪ ಸಹಿ ಹಾಕಿದ.

ಸೋಮವಾರ ಬಂತು. ಅಂಗಡಿಗೆ ಹೊರಟಿದ್ದ ಅಪ್ಪ ಬಾಗಿಲವರೆಗೆ ಹೋದವನು ಚಪ್ಪಲಿ ಬಿಟ್ಟು ತಿರುಗಿ ಬಂದ. ಬರಿ ನೆಲದ ಮೇಲೆ ಸುಮ್ಮನೆ ಕೂತಿದ್ದ ಅತ್ತೆಯ ಎದುರಿಗೆ ಹೋಗಿ ಕಾಲು ಮಡಿಸಿ ಕುಳಿತ. ‘ಯಾಕೋ, ಅಂಗಡಿಗಿ ಹೋಗಂಗಿಲ್ಲೇನು?’ ಎಂದಳು ಅತ್ತೆ. ‘ಹೋಗ್ತೀನಕ್ಕಾ, ಏನವಸರ’ ಎಂದ ಅಪ್ಪ. ಈಗ ಅವರಿಬ್ಬರೂ ಇಲ್ಲ. ಅವತ್ತು ಅಕ್ಕ ತಮ್ಮ ಏನು ಮಾತಾಡಿದರೋ ನನಗೆ ತಿಳಿಯದು. ಸ್ಕೂಲಿಗೆ ಹೊತ್ತಾಯಿತೆಂದು ನಾನು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟೆ. ಅದೊಂದು ದಿನ ತಡವಾಗಿ ಹೋಗಬಹುದಿತ್ತು.